ಒಂದು ಚೊಂಬು ಗಂಜಲ

ಕಟ್ಟಾಯ ಹೋಬಳಿಯ ಆ ಊರಲ್ಲಿ ಪುಷ್ಪಾವತಿಯ ಮನೆ ಯಾವುದು ಅಂತ ಯಾರನ್ನೂ ಕೇಳಬೇಕಿಲ್ಲ. ಬೆಳಿಗ್ಗೆ ಆಕೆ ದನಗಳನ್ನ ಬೈಯುವ ಸದ್ದು ಹಿಡಿದು ಹೊರಟರೆ ಸಾಕು, ನೇರ ಕೊಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತೀರಿ. ಹದಿನಾಲ್ಕು ರಾಸು. ಒಂದೊಂದಕ್ಕೂ ಒಂದು ಹೆಸರು, ಒಂದು ಬೈಗುಳ. ಹಾಲು ಇಳಿಸದೆ ಬಿಗಿಹಿಡಿಯುವ ಬೆಳ್ಳಿಗೆ 'ಬಿಗುಮಾನದ ಬಿತ್ತರಿ', ತಂತಿ ನುಗ್ಗಿ ಮೇಯುವ ಕೆಂದಿಗೆ 'ಕಳ್ಳಮುಂಡೆ'. ಅದು ಪ್ರೀತಿ ಅಂತ ಗೊತ್ತಿಲ್ಲದವರು ಮೊದಲ ದಿನ ಹೆದರುತ್ತಾರೆ. ಗಂಡ ಗಂಗಾಧರಯ್ಯನಿಗೆ ಮಾತ್ರ ಮದುವೆಯಾಗಿ ಇಷ್ಟು ವರ್ಷವಾದರೂ ಯಾವ ಬೈಗುಳ ಹಸುವಿಗೆ, ಯಾವುದು ತನಗೆ ಅನ್ನುವುದು ಬಗೆಹರಿದಿಲ್ಲ. ಅದಕ್ಕೇ ಪಾಪ, ಎಲ್ಲಕ್ಕೂ 'ಹೂಂ' ಅಂದುಬಿಡುತ್ತಾನೆ. ಈ 'ಹೂಂ' ಒಂದು ದಿನ ಮನೆ ಮುಳುಗಿಸುವುದರಲ್ಲಿತ್ತು, ಅದನ್ನ ಆಮೇಲೆ ಹೇಳೋಣ.

ಇವರು ಹಸುಗಳನ್ನ ದಿನವಿಡೀ ಗೂಟಕ್ಕೆ ಕಟ್ಟಿ ಸಾಕುವವರಲ್ಲ. ಕೊಟ್ಟಿಗೆ ಹಿಂದಿನ ಹೊಲವನ್ನ ತುಂಡು ತುಂಡು ಮಡಿ ಮಾಡಿ, ನಡುವೆ ತಂತಿ ಎಳೆದು, ಇವತ್ತು ಈ ಮಡಿ, ನಾಳೆ ಪಕ್ಕದ್ದು ಅಂತ ಸರದಿ ಮೇಲೆ ಬಿಟ್ಟು ಮೇಯಿಸುತ್ತಾರೆ. ಮೇಯ್ದು ಬಿಟ್ಟ ಮಡಿಯಲ್ಲಿ ಹುಲ್ಲು ಮತ್ತೆ ಮೊಣಕಾಲುದ್ದ ಏಳುವ ತನಕ ಅಲ್ಲಿಗೆ ಕರುವನ್ನೂ ಬಿಡುವ ಹಾಗಿಲ್ಲ. ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕಿ, ಕೊಟ್ಟಿಗೆ ತೊಳೆದರೆ ಅವಳ ದಿನ ಮುಗಿಯಿತು. ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತ ಅವಳು ತಲೆ ಕೆಡಿಸಿಕೊಂಡವಳಲ್ಲ. ನೀರು ಇಳಿಜಾರಿಗೆ ಹೋಗದೆ ಏರಿಗೆ ಹೋಗುತ್ತಾ?

ಇಳಿಜಾರು ಮುಗಿಯುವುದು ಊರಿನ ಕಟ್ಟೆಯಲ್ಲಿ. ಕೆರೆ ಅನ್ನುವಷ್ಟು ದೊಡ್ಡದಲ್ಲ, ಹೊಂಡ ಅಂದರೆ ಊರವರಿಗೆ ಕೋಪ ಬರುತ್ತೆ. ಗೌರಿ ಹಬ್ಬದ ದಿನ ಊರ ಹೆಂಗಸರೆಲ್ಲ ಅಲ್ಲಿಗೇ ಹೋಗಿ ಗಂಗೆ ಪೂಜೆ ಮಾಡಿ, ಬಿಂದಿಗೆ ತುಂಬಿಕೊಂಡು ಬಂದು ಗೌರಮ್ಮನ ಮುಂದೆ ಇಡಬೇಕು. ಅತ್ತೆಯ ಅತ್ತೆಯ ಕಾಲದಿಂದ ಬಂದ ಪದ್ಧತಿ.

ಹೋದ ವರ್ಷದ ಹಬ್ಬದಲ್ಲಿ ಪುಷ್ಪಾವತಿ ಹೂವಿನ ತಟ್ಟೆ ಹಿಡಿದು ಕಟ್ಟೆಗೆ ಹೋದರೆ ಅಲ್ಲಿ ಒಂದು ನರಪಿಳ್ಳೆಯಿಲ್ಲ. ಹೆಂಗಸರೆಲ್ಲ ಬೀದಿ ತುದಿಯ ಪಂಚಾಯ್ತಿ ನಲ್ಲಿ ಮುಂದೆ ಸೇರಿ, ನಲ್ಲಿಯ ಕುತ್ತಿಗೆಗೆ ಅರಿಶಿನ ಕುಂಕುಮ ಹಚ್ಚಿ, ಹೂ ಸುತ್ತಿ, ಬಿಂದಿಗೆ ಹಿಡಿಯುತ್ತಿದ್ದರು! ಮುಂದಾಳು ಸುಬ್ಬಮ್ಮ. ಪಕ್ಕದ ಹೊಲದವಳು, ವಯಸ್ಸಲ್ಲಿ ಹಿರಿಯಳು, ಊರಿನ ಹಬ್ಬ ಹುಣ್ಣಿಮೆಯೆಲ್ಲ ಅವಳ ಮಾತಿನ ಮೇಲೇ ನಡೆಯುವುದು. ಪುಷ್ಪಾವತಿಯನ್ನ ಕಂಡು ಸುಬ್ಬಮ್ಮ ಮುಖ ತಿರುಗಿಸಿದಳು, ಅಷ್ಟೆ. ಪುಷ್ಪಾವತಿ ಮತ್ತೆ ಕಟ್ಟೆಗೆ ಬಂದು ಮೊದಲ ಸಲ ಅದನ್ನ ಕಣ್ಣಿಟ್ಟು ನೋಡಿದಳು. ನೀರಿನ ಮೇಲೆ ಹಸಿರು ಕೆನೆ ಕಟ್ಟಿತ್ತು. ಬಗ್ಗಿದರೆ ಮೂಗಿಗೆ ಬಡಿಯುವ ವಾಸನೆ. ಕೆಂದಿ, ಬೆಳ್ಳಿ ಹೊಟ್ಟೆಮಟ್ಟ ನೀರಲ್ಲಿ ನಿಂತು, ಕುಡಿಯುತ್ತಾ ಕುಡಿಯುತ್ತಾ ಅಲ್ಲೇ ಸಗಣಿ ಹಾಕುತ್ತಿದ್ದವು.

ಸಂಕ್ರಾಂತಿ ಕಳೆದ ಮೇಲೆ, ಕಟ್ಟೆ ನೀರಿನ ಬಗ್ಗೆ ದೂರು ಬಂದಿದೆ ಅಂತ ಹಾಸನದ ಪರಿಸರದ ಆಫೀಸಿಂದ ಒಬ್ಬ ಮೇಡಂ ಬಂದಳು. ನೀಲಾಂಬಿಕೆ ಅಂತ ಹೆಸರು, ಇನ್ನೂ ಚಿಕ್ಕ ವಯಸ್ಸು, ಕೆಸರಿಗೆ ಹೆದರದ ಕಾಲು. ಕೊಟ್ಟಿಗೆಯ ಚರಂಡಿ ಹಿಡಿದು ಕಟ್ಟೆವರೆಗೆ ನಡೆದಳು, ತಿರುಗಿ ಬಂದು, ನಿಮ್ಮ ತ್ಯಾಜ್ಯವೆಲ್ಲ ಕಟ್ಟೆಗೆ ಸೇರುತ್ತಿದೆ ಅಂದಳು. ಪುಷ್ಪಾವತಿಗೆ ಮೈಯೆಲ್ಲ ಉರಿದುಹೋಯಿತು. ತ್ಯಾಜ್ಯವಂತೆ! ನಮ್ಮನೇಲಿ ಸಗಣಿ ಐತೆ, ಗಂಜಲ ಐತೆ, ತ್ಯಾಜ್ಯ ಅನ್ನೋ ಪದಾರ್ಥ ಇಲ್ಲ ಅಂತ ನೆಟ್ಟಗೆ ಹೇಳಿಬಿಟ್ಟಳು. ಮೇಡಂ ಸಿಟ್ಟಾಗಲಿಲ್ಲ. ಮೂರು ನಾಲ್ಕು ಹಸು ಇದ್ದಾಗ ಈ ಚರಂಡಿ ನೀರು ಅರ್ಧ ದಾರಿಯಲ್ಲೇ ಮಣ್ಣಿಗೆ ಇಂಗುತ್ತಿತ್ತು, ಹಸು ಹೆಚ್ಚಾದವು, ಚರಂಡಿ ಅಷ್ಟೇ ಉಳಿಯಿತು, ಅಂತ ಬಿಡಿಸಿ ಹೇಳಿದಳು. ಚರಂಡಿಯನ್ನ ಗುಂಡಿಗೆ ತಿರುಗಿಸಿ, ಗುಂಡಿಯಿಂದ ಹುಲ್ಲಿಗೆ ಬಿಡಿ, ಹಸುಗಳು ಕಟ್ಟೆಗೆ ಇಳಿಯದ ಹಾಗೆ ಮಾಡಿ ಅಂದಳು. ಜೀಪು ಹತ್ತುವ ಮುಂಚೆ ಗಂಗಾಧರಯ್ಯನ ಕಡೆ ತಿರುಗಿ ಇನ್ನೂ ಏನೋ ಹೇಳಿದಳು. ಅವನು 'ಹೂಂ' ಅಂದ.

"ಮಳೆಗಾಲದಲ್ಲಿ ಮತ್ತೆ ಬರ್ತೀನಮ್ಮ," ಅಂದಳು ಮೇಡಂ. "ಆಗಲೂ ಕಟ್ಟೆ ಹೀಗೇ ಇದ್ದರೆ ದನ ಅರ್ಧಕ್ಕೆ ಇಳಿಸಲೇಬೇಕಾಗುತ್ತೆ. ನನ್ನ ಕೈಲಿ ಬೇರೆ ದಾರಿ ಇಲ್ಲ."

ಅರ್ಧ! ಯಾವ ಅರ್ಧ? ಅಂಗಳದಲ್ಲಿ ಹುಟ್ಟಿದ ಕರುಗಳು ಬೆಳೆದು ಹಾಲು ಕೊಡುತ್ತಿವೆ, ಅವುಗಳಲ್ಲಿ ಇವಳು ಯಾವುದರ ಹಗ್ಗ ಬಿಚ್ಚಿ ಸಂತೆಗೆ ಹೊಡೆಯಬೇಕು? ಅವತ್ತಿಂದ ಪುಷ್ಪಾವತಿ ಹಸುಗಳನ್ನ ಬೈಯುವುದು ನಿಲ್ಲಿಸಿಬಿಟ್ಟಳು. ಕೆಂದಿ ತಂತಿ ನುಗ್ಗಿದರೂ ಸುಮ್ಮನೆ, ಬೆಳ್ಳಿ ಬಿಗಿಹಿಡಿದರೂ ಸುಮ್ಮನೆ. ಗಂಗಾಧರಯ್ಯನಿಗೆ ಹಾಸನದ ಮೇಡಂಗಿಂತ ಈ ಮೌನವೇ ಹೆಚ್ಚು ಭಯ ಹುಟ್ಟಿಸಿತು.

ದೂರು ಕೊಟ್ಟವಳು ಸುಬ್ಬಮ್ಮ ಅಂತ ತಿಳಿದ ದಿನ ಮಾತ್ರ ಪುಷ್ಪಾವತಿಯ ಬಾಯಿ ಬಿಚ್ಚಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಸುಬ್ಬಮ್ಮನ ಜಗುಲಿ ಮುಂದೆ ಹೋಗಿ ನಿಂತಳು.

"ಯಾಕಕ್ಕ, ಸೂತಕ ಕಳೆಯಕ್ಕೆ ನಿಮ್ಮನೆಗೆ ಚಿಮುಕ್ಸಿದ್ದು ನಮ್ಮ ಹಸೀನ ಗಂಜಲ ಅಲ್ವಾ? ಅವತ್ತು ಶುದ್ಧ, ಇವತ್ತು ಹೊಲಸಾ?"

ಸುಬ್ಬಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅವತ್ತು ಚಿಮುಕ್ಸಿದ್ದು ಒಂದು ಚೊಂಬು ಕಣವ್ವ. ನೀನು ವರ್ಸವೆಲ್ಲ ಹೊಳೇನೇ ಅರಿಸ್ಬುಟ್ಟೆ. ಗಂಗಮ್ಮ ಎಷ್ಟೂಂತ ಕುಡುದಾಳು?"

ಪುಷ್ಪಾವತಿ ಸಿಕ್ಕಿಸಿದ್ದ ಸೆರಗು ಬಿಟ್ಟುಕೊಂಡು ತಿರುಗಿ ನಡೆದಳು. ಜಗಳಕ್ಕೆ ಅಂತ ಹೋದವಳು ಉತ್ತರವಿಲ್ಲದೆ ವಾಪಸು ಬರುವುದಕ್ಕಿಂತ ಅವಮಾನ ಇನ್ನೊಂದುಂಟೆ? ದಾರಿಯುದ್ದಕ್ಕೂ ಸುಬ್ಬಮ್ಮನಿಗೆ ಮನಸ್ಸಲ್ಲೇ ಮಂತ್ರಪುಷ್ಪ ಹಾಕಿದಳು. ಆದರೆ ಕೊಟ್ಟಿಗೆಗೆ ಬಂದು ಆ ಚರಂಡಿ ನೋಡಿದರೆ, ಹಾಳಾದ್ದು, ಹೊಳೆಯ ಹಾಗೇ ಕಾಣುತ್ತಿತ್ತು. ಅವತ್ತಿಂದ ಇಬ್ಬರಿಗೂ ಮಾತಿಲ್ಲ.

ಬೇಸಿಗೆಯೆಲ್ಲ ಗಂಡ ಹೆಂಡತಿ ದುಡಿದರು. ಕೊಟ್ಟಿಗೆ ಪಕ್ಕದಲ್ಲಿ ಗುಂಡಿ ತೋಡಿ, ಗಾರೆ ಮಾಡಿಸಿ, ಚರಂಡಿಯ ಬಾಯನ್ನ ಅದಕ್ಕೆ ತಿರುಗಿಸಿದರು. ನೀರಿನಿಂದ ತೊಳೆಯುವ ಮುಂಚೆ ಸಗಣಿಯನ್ನ ಬಾಚಿ ತಿಪ್ಪೆಗೆ ಹಾಕುವುದನ್ನ ರೂಢಿ ಮಾಡಿಕೊಂಡರು, ಹಾಗಾಗಿ ತೊಳೆಯುವ ನೀರೇ ಅರ್ಧ ಉಳಿಯಿತು. ಕಟ್ಟೆಯ ದಡದುದ್ದಕ್ಕೂ ತಂತಿ ಎಳೆದು ಹಸುಗಳಿಗೆ ಮೇಲೇ ಕಲ್ಲುಬಾನಿಯಲ್ಲಿ ನೀರಿಟ್ಟರು. ದಡದ ಪಟ್ಟಿಯಲ್ಲಿ ಎದೆಯುದ್ದ ಹುಲ್ಲು ಬೆಳೆಯಿತು, ಅದನ್ನ ಮುಟ್ಟುವ ಹಾಗಿಲ್ಲ, ಮೇಲಿಂದ ಇಳಿಯುವ ಕೊಳೆಯನ್ನ ಅದೇ ತಡೆಯಬೇಕು. ಕೆಂದಿ ತಂತಿ ಹತ್ತಿರ ನಿಂತು ಆ ಹುಲ್ಲನ್ನೇ ನೋಡಿ ನಿಟ್ಟುಸಿರು ಬಿಡುತ್ತಿತ್ತು. ಗುಂಡಿ ತುಂಬಿದಾಗ ಗಂಜಲದ ನೀರನ್ನ ಮೋಟರಿನಿಂದ ಎತ್ತಿ, ಮೇಯ್ದು ಬಿಟ್ಟ ಮಡಿಗಳಿಗೆ ಹಾಯಿಸಿದರೆ ಹುಲ್ಲು ಕಪ್ಪಗೆ ಎದ್ದು ನಿಲ್ಲುತ್ತಿತ್ತು. ಇಷ್ಟು ವರ್ಷ ಇಂಥಾ ಗೊಬ್ಬರವನ್ನ ಕಟ್ಟೆಗೆ ಸುರಿದೆನಲ್ಲ ಅಂತ ಪುಷ್ಪಾವತಿಗೆ ಹೊಟ್ಟೆ ಉರಿಯಿತು.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದದ್ದು ಒಂದು ಮಧ್ಯಾಹ್ನ. ಎಂಥಾ ಮಳೆ ಅಂತೀರಿ, ಎದುರಿಗಿದ್ದ ಹುಣಸೆ ಮರ ಕಾಣಲಿಲ್ಲ. ಪುಷ್ಪಾವತಿ ಗೋಣಿಕೊಪ್ಪೆ ಹಾಕಿಕೊಂಡು ಗುಂಡಿ ನೋಡಲು ಓಡಿದರೆ ನೀರು ನೋಡನೋಡುತ್ತಾ ಏರುತ್ತಿತ್ತು. ಇನ್ನು ಒಂದು ಗೇಣು ಏರಿದರೆ ಉಕ್ಕಿ, ಗುಂಡಿಯಲ್ಲಿ ಕೂಡಿಟ್ಟ ಗಂಜಲ ಒಂದೇ ಏಟಿಗೆ ಕಟ್ಟೆಗೆ. ಇಷ್ಟೊಂದು ನೀರು ಎಲ್ಲಿಂದ ಬಂತು ಅಂತ ತಿರುಗಿದರೆ, ಕೊಟ್ಟಿಗೆಯ ಶೀಟಿನ ನೀರೆಲ್ಲ ಒಂದು ದಪ್ಪ ಪೈಪಿನಲ್ಲಿ ಭೋರ್ ಅಂತ ನೇರ ಗುಂಡಿಗೇ ಬೀಳುತ್ತಿದೆ! ಗಂಗಾಧರಯ್ಯನ ಕೆಲಸ. ಮಳೆ ನೀರು ಬೆರೆತರೆ ಗಂಜಲ ತೆಳ್ಳಗಾಗಿ ಹುಲ್ಲಿಗೆ ಒಳ್ಳೆಯದು ಅಂತ ಅವನಿಗೆ ಅವನೇ ಲೆಕ್ಕ ಹಾಕಿ ಜೋಡಿಸಿದ್ದ. ಶೀಟಿನ ನೀರನ್ನ ಮಾತ್ರ ಗುಂಡಿಗೆ ಬಿಡಬೇಡಿ ಅಂತಲೇ ಮೇಡಂ ಅವತ್ತು ಜೀಪು ಹತ್ತುವ ಮುಂಚೆ ಹೇಳಿದ್ದು. ಈ ಮಹಾಶಯ ಅದಕ್ಕೆ ಅಂದದ್ದು ಬರೀ 'ಹೂಂ'.

ಬೈಯುವುದಕ್ಕೆ ಪುರಸೊತ್ತಿರಲಿಲ್ಲ. ಗುದ್ದಲಿ ಎತ್ತಿ ಪೈಪಿನ ಮೊಣಕೈಗೆ ಒಂದು ಕೊಟ್ಟಳು, ಎರಡು ಕೊಟ್ಟಳು, ಪೈಪು ಮುರಿದು ಬಿತ್ತು. ಗಂಗಾಧರಯ್ಯ ಓಡಿ ಬಂದು, ಬಿದ್ದ ನೀರಿಗೆ ಹೊಲದ ಕಡೆ ಕಾಲುವೆ ಎಳೆದ. ಇಬ್ಬರೂ ಗುಂಡಿಯ ದಡದಲ್ಲಿ ನೆನೆಯುತ್ತಾ ನಿಂತು ನೀರನ್ನೇ ನೋಡಿದರು. ಏರುವುದು ನಿಧಾನವಾಯಿತು. ಆಮೇಲೆ ಅಂಚಿಗೆ ನಾಲ್ಕು ಬೆರಳು ಕೆಳಗೆ ನಿಂತೇಬಿಟ್ಟಿತು. ಅವಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು, ಅಲ್ಲೇ ಕೆಸರಲ್ಲಿ ಕೂತಳು.

ಶ್ರಾವಣದಲ್ಲಿ ಮೇಡಂ ಬಂದಳು. ಗುಂಡಿ ನೋಡಿದಳು, ಬಾನಿ ನೋಡಿದಳು, ಬಾಟಲಿಯಲ್ಲಿ ಕಟ್ಟೆ ನೀರು ತುಂಬಿಕೊಂಡು ಬಿಸಿಲಿಗೆ ಹಿಡಿದಳು. ಹಸಿರು ಕೆನೆ ಎಲ್ಲಿ ಹೋಯಿತೋ, ಹೊಸ ಮಳೆ ನೀರು ತುಂಬಿ ದಡದ ಕಲ್ಲು ತಳದವರೆಗೆ ಕಾಣುತ್ತಿತ್ತು. ನನ್ನ ಮಟ್ಟಿಗೆ ಸರಿಯಾಗಿದೆ, ಆದರೆ ದೂರು ಕೊಟ್ಟವರೂ ಸರಿಯಾಗಿದೆ ಅನ್ನಬೇಕು, ಆಗಲೇ ಇದು ಮುಗಿಯುವುದು ಅಂತ ಹೇಳಿ ಸುಬ್ಬಮ್ಮನ ಮನೆಗೆ ಹೋದಳು. ಸುಬ್ಬಮ್ಮ ಕಾಫಿ ಕೊಟ್ಟಳಂತೆ, ಚಕ್ಕುಲಿ ಕೊಟ್ಟಳಂತೆ, ಮಾತು ಮಾತ್ರ ಕೊಡಲಿಲ್ಲ. ಗೌರಿ ಹಬ್ಬ ಕಳೀಲಿ, ಹೇಳ್ತೀನಿ ಅಂದಳಂತೆ.

ಅಲ್ಲಿಗೆ ಮತ್ತೆ ಎಲ್ಲ ನೇತುಬಿತ್ತು. ಹೋಗಿ ಕೇಳಿಕೊಳ್ಳೋಣ ಅಂದರೆ ಮಾತು ಬಿಟ್ಟ ಹೆಂಗಸು. ಹೋಗದಿದ್ದರೆ ಹಸುಗಳ ಗತಿ? ಗಂಗಾಧರಯ್ಯ ತಾನೇ ಹೋಗಿ ಒಂದು ಮಾತು ಕೇಳಲಾ ಅಂದ. ಬೇಡ ಅಂದಳು ಪುಷ್ಪಾವತಿ. ಕಟ್ಟೆ ಅಲ್ಲೇ ಐತೆ, ಕಣ್ಣಿದ್ದೋರು ನೋಡ್ಲಿ.

ಹಬ್ಬದ ಬೆಳಿಗ್ಗೆ ಅವಳು ಹಸುಗಳನ್ನ ಕಟ್ಟೆಯ ಪಕ್ಕದ ಮಡಿಗೇ ಬಿಟ್ಟಳು. ಸರದಿ ಅದರದ್ದಲ್ಲ, ನಿಲ್ಲುವುದಕ್ಕೆ ಒಂದು ನೆಪ ಬೇಕಿತ್ತು. ಸ್ವಲ್ಪ ಹೊತ್ತಿಗೆ ಹೆಂಗಸರು ಹೊಸ ಸೀರೆ ಉಟ್ಟು, ತಟ್ಟೆ ಹಿಡಿದು ಬೀದಿಯಲ್ಲಿ ಬಂದರು. ಮುಂದೆ ಸುಬ್ಬಮ್ಮ, ಸೊಂಟದಲ್ಲಿ ತಾಮ್ರದ ಬಿಂದಿಗೆ. ನಲ್ಲಿಯ ಹತ್ತಿರ ಬಂದವಳು ನಿಂತಳು. ಬಿಂದಿಗೆ ಕೆಳಗಿಟ್ಟಳು. ಮುಗೀತು, ಇನ್ನು ಯಾವ ಹಸುವಿನ ಹಗ್ಗ ಬಿಚ್ಚಲಿ ಅಂತ ಪುಷ್ಪಾವತಿಯ ಕಣ್ಣು ತಾನಾಗಿ ಕೆಂದಿಯ ಕಡೆ ಹೋಯಿತು.

ಸುಬ್ಬಮ್ಮ ನಲ್ಲಿ ತಿರುಗಿಸಿ ಕಾಲು ತೊಳೆದುಕೊಂಡಳು. ಕಾಲು, ಅಷ್ಟೆ. ಆಮೇಲೆ ಬಿಂದಿಗೆ ಎತ್ತಿಕೊಂಡು, ಉಳಿದವರನ್ನ ಹಿಂದೆ ಕರೆದುಕೊಂಡು, ನೇರ ಕಟ್ಟೆಗೆ ಇಳಿದಳು. ಮೆಟ್ಟಿಲಲ್ಲಿ ಕೂತು, ಅಂಗೈಯಲ್ಲಿ ನೀರು ತಳ್ಳಿ, ಒಂದು ಬೊಗಸೆ ಎತ್ತಿದಳು. ಮೂಸಿಯೂ ನೋಡಿದಳು, ಬಿಡುವ ಹೆಂಗಸೇ ಅವಳು! ಆಮೇಲೆ ಅದನ್ನ ಕಣ್ಣಿಗೆ ಒತ್ತಿಕೊಂಡು, ಅರಿಶಿನ ಕುಂಕುಮ ಬಿಟ್ಟು, ಬಿಂದಿಗೆ ಮುಳುಗಿಸಿದಳು. ಬಿಂದಿಗೆ ಗುಳುಗುಳು ಅಂತ ತುಂಬುವ ಸದ್ದು ಮೇಲಿನ ಮಡಿಯವರೆಗೂ ಕೇಳಿಸಿತು. ಪುಷ್ಪಾವತಿ ಕಲ್ಲುಬಾನಿ ಹಿಡಿದುಕೊಂಡು ಅತ್ತಳು. ಯಾರಿಗೂ ಕಾಣದಿರಲಿ ಅಂತ ಮುಖಕ್ಕೆ ಬಾನಿಯ ನೀರನ್ನೇ ಎರಚಿಕೊಂಡಳು.

ದಡ ಹತ್ತಿ ಬಂದ ಸುಬ್ಬಮ್ಮ ತಂತಿಯ ಆಚೆ ನಿಂತಳು.

"ಆ ಮೇಡಮ್ಮಂಗೆ ಫೋನ್ ಅಚ್ಚಿಕೊಡು ಪುಷ್ಪಾ, ನಾನೇ ಏಳ್ತೀನಿ. ಅದ್ಕೂ ಮುಂಚೆ ಒಂದು ಚೊಂಬು ಗಂಜಲ ಕೊಡು, ಬಾಗ್ಲಿಗೆ ಚಿಮುಕಿಸ್ಬೇಕು." ತುಟಿ ಕೊಂಕಿಸಿ ಸೇರಿಸಿದಳು. "ಒಂದೇ ಚೊಂಬು. ಮಿಕ್ಕಿದ್ದು ನಿನ್ನ ಹುಲ್ಲಿಗಿರ್ಲಿ."

ಪುಷ್ಪಾವತಿ ಓಡಿ ಹೋಗಿ ಚೊಂಬು ತಂದಳು. ಬೆಳ್ಳಿಯ ಹಿಂದೆ ಹಿಡಿದು, ಬೆನ್ನು ಸವರಿದಳು, ಬಾಲದ ಬುಡ ಕೆರೆದಳು, ಮುದ್ದು ಮಾಡಿ ಹೆಸರು ಹಿಡಿದು ಕರೆದಳು. ಬೆಳ್ಳಿ ಹುಲ್ಲು ಮೇಯುತ್ತಾ ನಿಂತಿತು. ಹೆಂಗಸರೆಲ್ಲ ತಂತಿಯ ಆಚೆ ಕಾಯುತ್ತಿದ್ದಾರೆ, ಇದು ಒಂದು ತೊಟ್ಟು ಬಿಡಲೊಲ್ಲದು. ಅವಳಿಗೆ ತಡೆಯಲಾಗಲಿಲ್ಲ.

"ಲೇ ಬಿಗುಮಾನದ ಬಿತ್ತರಿ, ಬ್ಯಾಡ ಅಂದಾಗ ಹೊಳೆ ಅರಿಸ್ತಿದ್ದೆ, ಬೇಕು ಅಂದಾಗ ಬೀಗ ಆಕ್ಕಂಡು ನಿಂತಿದ್ದೀಯಲ್ಲೇ!"

ಸಂಕ್ರಾಂತಿಯಿಂದ ಕೇಳದಿದ್ದ ಆ ದನಿ ಕಟ್ಟೆ ದಾಟಿ ಊರ ಒಳಗಿನವರೆಗೂ ಹೋಯಿತು. ಸುಬ್ಬಮ್ಮ ಬಿಂದಿಗೆ ತುಳುಕುವಷ್ಟು ನಕ್ಕಳು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಗಂಗಾಧರಯ್ಯ, ಬೈಗುಳ ತನಗೋ ಹಸುವಿಗೋ ತಿಳಿಯದೆ, ಅಲ್ಲಿಂದಲೇ ಜೋರಾಗಿ 'ಹೂಂ' ಅಂದ.