ನೀಲತ್ತೆಯ ಸೆರಗಿನ ಗಂಟುಗಳು

ಧನುರ್ಮಾಸದ ಚಳಿಗೆ ಹಿಮ್ಮಡಿ ಒಡೆದರೆ ಗ್ಲಿಸರಿನ್‌ಗೆ ನಿಂಬೆಹಣ್ಣು ಹಿಂಡಿ ಹಚ್ಚಿಕೊಳ್ಳುವುದು ನಮ್ಮ ಮನೆಯ ಹಳೆಯ ಔಷಧ. ಮೊನ್ನೆ ದಟ್ಟಗಳ್ಳಿಯ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಿಂದ ಒಂದು ಸೀಸೆ ತಂದು ಬಟ್ಟಲಿಗೆ ಸುರಿದು ನಿಂಬೆಹಣ್ಣು ಹಿಂಡಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಸರೆಯ ಹೆಂಚಿನ ಮನೆ ಇದ್ದಕ್ಕಿದ್ದ ಹಾಗೆ ಕಣ್ಣೆದುರು ಬಂದು ನಿಂತಿತು. ತಾತನ ಮಂಡಿಯಿಂದ ಬಂದ ಬೆಲ್ಲದ ಅಚ್ಚುಗಳ ಗಮಲು, ದೇವರಮನೆಯ ವಿಭೂತಿ, ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತ ಅಜ್ಜಿ. ಆ ಮನೆಯಲ್ಲಿ ಗ್ಲಿಸರಿನ್ ಸೀಸೆಗಳು ಎರಡಿದ್ದವು. ಒಂದು ಅಜ್ಜಿಯ ಹಿಮ್ಮಡಿಗೆ, ಇನ್ನೊಂದು ನೀಲತ್ತೆಯ ಕಣ್ಣಿಗೆ. ಆ ಎರಡನೆಯ ಸೀಸೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಷ್ಟು ವರ್ಷವಾದ ಮೇಲೂ ಎಂಥ ಸಿಟ್ಟು ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದು, ನೀವೆಲ್ಲ ಸೇರಿ ಅವರ ಬಾಯಿ ಮುಚ್ಚಿಸಿದ್ದರೆ ಕೇಳಲಾರಿರಿ.

ನೀಲತ್ತೆ ನನ್ನ ಅಪ್ಪನ ತಂಗಿ. ಮದುವೆಯಾಗಿ ಹೋದ ವರ್ಷವೇ ಗಂಡನ ಮನೆ ಬಿಟ್ಟು ವಾಪಸ್ಸು ಬಂದವಳು. ಯಾಕೆ ಎಂದು ನಮ್ಮ ಮನೆಯಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ. ಅಂಥ ಹೆಂಗಸು ಮೂಲೆಯಲ್ಲಿ ಕೂತು ಅಳಬೇಕು ಎಂದು ನೆಂಟರಿಷ್ಟರು ಕಾದದ್ದೇ ಬಂತು. ಅವಳು ನೋಡಿದರೆ ಗಣೇಶನ ಹಬ್ಬದ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಹಾಡು ಹಾಡಿನ ನಡುವೆ ಮೈಕು ಹಿಡಿದು ಊರನ್ನೇ ನಗಿಸುತ್ತಿದ್ದಳು. ಮೊದಲು ಕೋರಸ್ಸಿಗೆಂದು ಹೋದವಳು. ಒಂದು ಸಂಜೆ ಕೀಬೋರ್ಡು ಕೈಕೊಟ್ಟು ಜನ ಶಿಳ್ಳೆ ಹಾಕತೊಡಗಿದಾಗ, ನಮ್ಮ ಅಜ್ಜಿ ಹೊಸ ಕುಕ್ಕರಿನ ಜೊತೆ ಜಗಳ ಆಡುವುದನ್ನು ಅಜ್ಜಿಯ ದನಿಯಲ್ಲೇ ಮಾಡಿ ತೋರಿಸಿದಳಂತೆ. ಕೀಬೋರ್ಡು ಸರಿಹೋದ ಮೇಲೂ ಜನ ಅವಳನ್ನು ಕೆಳಗಿಳಿಯಲು ಬಿಡಲಿಲ್ಲ. ಅಲ್ಲಿಂದ ಮೂರು ವರ್ಷ ಮೈಸೂರಿನ ಬಡಾವಣೆಗಳಲ್ಲಿ ಅವಳಿಲ್ಲದ ಆರ್ಕೆಸ್ಟ್ರಾ ಸಪ್ಪೆ ಅನ್ನುವಂತಾಯಿತು. ಅಜ್ಜಿ ಮಾತ್ರ ಒಂದು ದಿನವೂ ಹೋಗಿ ನೋಡಲಿಲ್ಲ. ತಾತ ಬಿಡುತ್ತಿರಲಿಲ್ಲ.

ನೀಲತ್ತೆ ಒಂದಕ್ಷರವನ್ನೂ ಬರೆದುಕೊಳ್ಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿ ಕಾಳು ಆರಿಸುತ್ತಲೋ ರಾಗಿ ಕೇರುತ್ತಲೋ ತಮ್ಮಷ್ಟಕ್ಕೆ ತಾವು ಮಾತಾಡುತ್ತಿದ್ದರೆ, ಅತ್ತೆ ಪಕ್ಕದಲ್ಲಿ ಕೂತು ಕೇಳಿಯೂ ಕೇಳದ ಹಾಗೆ ಈರುಳ್ಳಿ ಹೆಚ್ಚುತ್ತಿದ್ದಳು. ಒಳ್ಳೆಯ ಮಾತೊಂದು ಬಿತ್ತೋ, ಒದ್ದೆ ಕೈಯಲ್ಲೇ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದಳು. ಆಮೇಲೆ ಹಿತ್ತಿಲಲ್ಲಿ ಸ್ಟೀಲಿನ ಲೋಟವನ್ನು ಮೈಕಿನ ಹಾಗೆ ಹಿಡಿದು ಮೊದಲು ನನಗೆ ಹೇಳಬೇಕು. ನನಗಾಗ ಒಂಬತ್ತು ವರ್ಷ. ನಾನು ಬರೀ ಹಲ್ಲು ಬಿಟ್ಟರೆ ಆ ಗಂಟು ಅಲ್ಲೇ ಬಿಚ್ಚಿಹೋಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಕೂತರೆ ಉಳಿಯುತ್ತಿತ್ತು. ಸ್ಟೇಜಿನ ಮೇಲೆ ಆ ಗಂಟುಗಳನ್ನು ಬೆರಳಲ್ಲಿ ತಡವುತ್ತ ಒಂದೊಂದೇ ಬಿಚ್ಚುತ್ತ ಹೋಗುವಳು. ಸೆರಗು ಪೂರ್ತಿ ಬಿಡಿಸಿಕೊಂಡು ಹಾರಿದಾಗ ಕಾರ್ಯಕ್ರಮ ಮುಗಿಯಿತೆಂದು ಅರ್ಥ. ಜನಕ್ಕೆ ಅದೊಂದು ಅಭ್ಯಾಸ ಅಂತಷ್ಟೇ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಕೂತು ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಿದ್ದವಳು ನಾನೊಬ್ಬಳೇ.

ಅದೇ ವರ್ಷದ ಆಷಾಢದಲ್ಲಿ ಪಕ್ಕದ ಬೀದಿಯ ಮುದುಕಿಯೊಬ್ಬರು ತೀರಿಕೊಂಡರು. ಲಿಂಗ ಕಟ್ಟುವ ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಅಜ್ಜಿ ಹೋಗಿ ನೋಡಿಕೊಂಡು ಬಂದು, ತಲೆಗೆ ಸ್ನಾನ ಮಾಡಿ, ಒಲೆಯ ಮುಂದೆ ಕೂದಲು ಆರಿಸಿಕೊಳ್ಳುತ್ತ ಹೇಳಿದರು: "ಎಂಗೈತೆ ನೋಡು ನಮ್ ಎಣ್ಮಕ್ಳ ಬಾಳು. ಬದುಕಿರೋಗಂಟ ಒಂದ್ ಗಳಿಗೆ ಕೂರಕ್ ಬುಡಲ್ಲ, ಸತ್ಮೇಲೆ ಮಲಗಕ್ ಬುಡಲ್ಲ." ನಾನು ನಕ್ಕ ರಭಸಕ್ಕೆ ಕುಡಿಯುತ್ತಿದ್ದ ಹಾಲು ಮೂಗಿಗೇರಿತು. ನೀಲತ್ತೆ ಆಗಲೇ ಗಂಟು ಹಾಕಿಯಾಗಿತ್ತು.

ಆ ಸಲದ ಗಣೇಶನ ಹಬ್ಬದಲ್ಲಿ, ನಮ್ಮದೇ ಬೀದಿಯ ಪೆಂಡಾಲಿನಲ್ಲಿ, ಅವಳು ಆ ಗಂಟನ್ನು ಕೊನೆಗೆ ಬಿಚ್ಚಿದಳು. ಹೆಂಗಸರ ಕಡೆಯಿಂದ ಎದ್ದಂಥ ನಗುವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದವರ ತೊಡೆಗೆ ಹೊಡೆದು, ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ ನಕ್ಕರು. ಮುಂದಿನ ಕುರ್ಚಿಗಳಲ್ಲಿದ್ದ ನಮ್ಮವರೇ ಆದ ಇಬ್ಬರು ಹಿರಿಯರು ಶಲ್ಯ ಕೊಡವಿ ಎದ್ದುಹೋದರು. ಮಾರನೆಯ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಕೂತು ಕಾಫಿ ಕುಡಿದು ತಾತನಿಗೆ, "ಲಿಂಗೈಕ್ಯರಾದವರನ್ನ ಆಡ್ಕೊಂಡು ನಗೋ ಮಗಳನ್ನ ಸಾಕಿದ್ದೀರಲ್ಲ ಸ್ವಾಮಿ. ಮಠದ ಕಡೆ ಇನ್ನು ಹೆಂಗೆ ಮುಖ ತೋರಿಸ್ತೀರಿ?" ಎಂದು ಕೇಳಿ ಹೋದರು. ತಾತ ನೀಲತ್ತೆಯನ್ನು ದೇವರಮನೆಗೆ ಕರೆದರು. "ಆ ಮಾತು ಎಲ್ಲಿಂದ ಬಂತು?" ಎಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು, ತುಟಿ ಬಿಚ್ಚಿದರೆ ಜೋಕೆ ಅನ್ನುವ ಹಾಗೆ. "ನನ್ನದೇ ಅಪ್ಪ, ನಾನೇ ಹುಟ್ಟಿಸಿದ್ದು" ಅಂದಳು. ಕೊರಳ ಲಿಂಗ ಹಿಡಿಸಿ, ಇನ್ನು ಮುಂದೆ ನಗಿಸುವ ಕೆಲಸಕ್ಕೆ ಸ್ಟೇಜು ಹತ್ತುವುದಿಲ್ಲ ಎಂದು ತಾತ ಆಣೆ ಮಾಡಿಸಿದರು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ನನಗೆ ಒಂಬತ್ತು ವರ್ಷ ಎಂದು ಎಷ್ಟು ಸಲ ಸಮಾಧಾನ ಹೇಳಿಕೊಂಡರೂ ಅದು ಒಳಗಿಳಿಯುವುದಿಲ್ಲ.

ಎರಡು ವರ್ಷ ಅತ್ತೆ ಒಂದು ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದಳು. ಆಮೇಲೆ ಬೆಂಗಳೂರಿನಿಂದ ಟೀವಿ ಧಾರಾವಾಹಿಯವರೊಬ್ಬರು ಹುಡುಕಿಕೊಂಡು ಬಂದರು. ಅವಳ ಪೆಂಡಾಲಿನ ಕಾರ್ಯಕ್ರಮ ನೋಡಿದ್ದವರೇ. ಅತ್ತೆಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ತಾತ, "ಏನು ಪಾತ್ರ?" ಎಂದು ಕೇಳಿದರು. ಆತ ಹೇಳಿದ, "ತಾಯಿ ಪಾತ್ರ ಯಜಮಾನ್ರೆ. ತುಂಬ ಗೌರವದ್ದು. ಅಳೋದೇ ಜಾಸ್ತಿ ಇರತ್ತೆ." ತಾತ ಸ್ವಲ್ಪ ಯೋಚಿಸಿ, "ಅಳೋದಾದ್ರೆ ಪರವಾಗಿಲ್ಲ" ಅಂದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಅವರ ಬಾಯಿಂದ ಬಂದ ಮಾತು ಇದೇ. ನೀಲತ್ತೆ ಕಾಫಿ ಲೋಟಗಳನ್ನೆತ್ತಿಕೊಂಡು ಒಳಗೆ ಬಂದು, ಗೋಡೆಗೆ ಹಣೆ ಒತ್ತಿ, ಭುಜ ಕುಲುಕಿಸಿ ಸದ್ದಿಲ್ಲದೆ ನಕ್ಕಳು.

ಹೀಗೆ ಮೂವತ್ತೈದಕ್ಕೇ ಅವಳು ಮೂವತ್ತರ ನಾಯಕನಿಗೆ ತಾಯಿಯಾದಳು. ಕೂದಲಿಗೆ ಬಿಳಿ ಬಳಿದರು. ಬೆಳಗಿನ ರೈಲಿಗೆ ಹೋಗಿ, ಇಡೀ ದಿನ ಅತ್ತು, ಸಂಜೆಯ ರೈಲಿಗೆ ಬರುವುದು. ಒಂದು ಧಾರಾವಾಹಿ ಮುಗಿದರೆ ಇನ್ನೊಂದರಲ್ಲಿ ಅದೇ ತಾಯಿ, ಅದೇ ಅಳು. ಕಣ್ಣಿಗೆ ಗ್ಲಿಸರಿನ್ ಹಾಕಿ ಹಾಕಿ ರೆಪ್ಪೆ ಯಾವಾಗಲೂ ಕೆಂಪಗಿರುತ್ತಿತ್ತು. "ಅತ್ತೆ, ನಿಜವಾಗ್ಲೂ ಅಳು ಬರಲ್ವಾ?" ಎಂದು ಒಮ್ಮೆ ಕೇಳಿದೆ. "ಇಲ್ಲ ಕಣೆ, ನಗು ಬರ್ತದೆ. ಅಷ್ಟು ಚೆನ್ನಾಗಿ ಬರೆದಿರ್ತಾರೆ ಮಾತು" ಅಂದಳು. ಒಂದೇ ಒಂದು ನಗುವ ದೃಶ್ಯ ಕೊಡಿ ಎಂದು ನಿರ್ದೇಶಕರನ್ನು ವರ್ಷಗಟ್ಟಲೆ ಕೇಳಿದಳು. ತೆರೆಯ ಮೇಲೆ ನಟಿಸಿದರೆ ಆಣೆ ಮುರಿದ ಹಾಗಾಗುವುದಿಲ್ಲ ಎಂದು ಅವಳೇ ಒಂದು ಲೆಕ್ಕ ಹಾಕಿಕೊಂಡಿದ್ದಳು. "ಅಮ್ಮಾ, ನೀವು ನಕ್ರೆ ಜನ ಚಾನೆಲ್ ಬದಲಾಯಿಸ್ತಾರೆ" ಎಂದು ಅವರು ಕೈಮುಗಿದರು. ನಮ್ಮ ಮನೆಯಲ್ಲಂತೂ ಹಬ್ಬ. ಹಿಂದೆ ಎದ್ದುಹೋಗಿದ್ದ ಹಿರಿಯರೇ ಹೆಂಡಿರನ್ನು ಕರೆದುಕೊಂಡು ಬಂದು ನಮ್ಮ ಟೀವಿಯ ಮುಂದೆ ಕೂತು ಕಣ್ಣೊರೆಸಿಕೊಂಡು, "ಎಂಥ ಕಲಾವಿದೆ ನಿಮ್ಮ ಮಗಳು" ಅನ್ನುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದ ನಾನು ಹಲ್ಲು ಕಚ್ಚಿಕೊಂಡು ಎದ್ದು ಹೋಗುತ್ತಿದ್ದೆ. ಎದ್ದು ಹೋಗುವುದಷ್ಟೇ ನನ್ನ ಕೈಲಾದದ್ದು.

ಒಂದು ಮಾಘಮಾಸದ ಬೆಳಿಗ್ಗೆ ರೈಲಿಗೆ ಹೊರಟವಳು ಎದೆನೋವೆಂದು ಜಗಲಿಯ ಮೇಲೆ ಕೂತಳು. ಮತ್ತೆ ಏಳಲಿಲ್ಲ. ನಲವತ್ತೈದೂ ತುಂಬಿರಲಿಲ್ಲ.

ಅವಳನ್ನೂ ಕೂರಿಸಿದರು. ಜಗಲಿಯ ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ, ಕೊರಳಿಗೆ ಹಾರ. ಬೀದಿ ತುಂಬ ಜನ. ಗುರುತಿಲ್ಲದ ಹೆಂಗಸರೆಲ್ಲ ಬಂದು ಧಾರಾವಾಹಿಯ ಹೆಸರು ಹಿಡಿದು, "ಅಯ್ಯೋ ನನ್ನ ತಾಯಿ, ಎಷ್ಟು ಕಷ್ಟಪಟ್ಟೆಯಮ್ಮ" ಎಂದು ಗೋಳಾಡಿದರು. ಅವರು ಅಳುತ್ತಿದ್ದದ್ದು ನಮ್ಮ ನೀಲತ್ತೆಗಲ್ಲ. ತಾತ ಕುರ್ಚಿಯ ಮೇಲೆ ಹಿರಿಯರ ನಡುವೆ ಕೂತಿದ್ದರು. ಅಷ್ಟರಲ್ಲಿ ಅಜ್ಜಿ ಒಳಗಿಂದ ಗೋಡೆ ಹಿಡಿದುಕೊಂಡು ಬಂದು ಮಗಳ ಎದುರು ಕುಕ್ಕರುಗಾಲಲ್ಲಿ ಕೂತರು. ಅವಳ ಕೊರಳ ಹಾರ ಸರಿಮಾಡಿದರು. ಆಮೇಲೆ, ನೀಲತ್ತೆ ಸ್ಟೇಜಿನ ಮೇಲೆ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ, ಅಂದರೆ ತಮ್ಮದೇ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಬದುಕಿರೋಗಂಟ ಒಂದ್ ಗಳಿಗೆ ಕೂರಕ್ ಬುಡಲಿಲ್ಲ ಕಣವ್ವ. ಈಗ ಮಲಗಕ್ ಬುಡಲ್ಲ ಇವ್ರು."  ಅಜ್ಜಿ ತಾತನ ಕುರ್ಚಿಯ ಕಡೆ ತಿರುಗಿದರು. "ಆ ಮಾತು ನಂದು ಕಣ್ರೀ. ಅವಳ್ದಲ್ಲ. ಅವತ್ತೇ ಯೋಳ್ಬೇಕಿತ್ತು ನಾನು." ತಾತ ಶಲ್ಯದ ಅಂಚನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕೂತರು. ನನಗೆ ತಡೆಯಲಾರದಷ್ಟು ನಗು ಬಂತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದುಕೊಂಡು ಯಾರೋ ನನ್ನ ಬೆನ್ನು ಸವರಿದರು.

ಅವಳ ಹೆಸರಿನ ಶಿವಗಣಾರಾಧನೆಯ ಊಟ ಮುಗಿದ ಮೇಲೆ ಅವಳ ಟ್ರಂಕು ತೆಗೆದೆವು. ಐನೂರನೆಯ ಕಂತಿನ ಸಂತೋಷಕ್ಕೆ ಧಾರಾವಾಹಿಯವರು ಕೊಟ್ಟಿದ್ದ ಹಸಿರು ಸೀರೆ ತಳದಲ್ಲಿತ್ತು. ಅದರ ಸೆರಗಿನ ತುದಿಯಲ್ಲಿ ಸಾಲಾಗಿ ಏಳು ಗಂಟು. ಆಣೆಯಾಗಿ ಎಷ್ಟೋ ವರ್ಷಗಳ ಮೇಲೆ ಬಂದ ಸೀರೆ ಅದು. ನನಗೂ ಹೇಳದೆ, ಯಾರನ್ನೂ ನಗಿಸದೆ ಏಳು ಮಾತುಗಳನ್ನು ಕಟ್ಟಿಟ್ಟುಕೊಂಡಿದ್ದಳು. "ಬಿಚ್ಲಾ ಅಜ್ಜಿ?" ಎಂದೆ. ಅಜ್ಜಿ ಸೀರೆಯನ್ನು ಮಡಿಲಿಗೆಳೆದುಕೊಂಡು ಒಂದೊಂದೇ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಬ್ಯಾಡ ಕಣವ್ವ. ಬಿಚ್ಚುದ್ರೆ ಬರೀ ಬಟ್ಟೆ."

ಕೆಸರೆಯ ಮನೆ ಈಗಿಲ್ಲ. ತಾತನಿಲ್ಲ. ಅಜ್ಜಿಯನ್ನೂ ಕೂರಿಸಿ ಕಳಿಸಿಕೊಟ್ಟದ್ದಾಯಿತು. ನೀಲತ್ತೆಯ ಅಳು ಮಾತ್ರ ಎಲ್ಲೆಂದರಲ್ಲಿ ಸಿಗುತ್ತದೆ, ಫೋನಿನಲ್ಲಿ ಹುಡುಕಿದರೆ ಕಂತುಗಟ್ಟಲೆ ಅಳುತ್ತಾಳೆ. ಅವಳು ನಗಿಸಿದ ಒಂದು ಸಂಜೆಯೂ ಎಲ್ಲೂ ಇಲ್ಲ. ಹಸಿರು ಸೀರೆ ನನ್ನ ಬೀರುವಿನಲ್ಲಿದೆ. ಉಟ್ಟಿಲ್ಲ, ಒಗೆದಿಲ್ಲ, ಇಸ್ತ್ರಿಗೆ ಕೊಟ್ಟಿಲ್ಲ. ಒಮ್ಮೊಮ್ಮೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹೊರತೆಗೆದು, ಆಗ ಹಿತ್ತಿಲ ಕಲ್ಲಿನ ಮೇಲೆ ಕೂತು ಅವಳ ಮಾತು ಕೇಳುತ್ತಿದ್ದ ಹಾಗೆಯೇ ಕೂತು, ಮೊದಲನೆಯ ಗಂಟಿನ ಮೇಲೆ ಬೆರಳಿಟ್ಟು ಕಾಯುತ್ತೇನೆ.