ಮೋರಿಯ ಕೆಳಗಿನ ಸುಣ್ಣದ ಗೆರೆ

ಮೊನ್ನೆ ಮಾಲೂರಿನ ಗಿಡದಂಗಡಿಯಲ್ಲಿ ಹೆಂಡತಿ ಗುಲಾಬಿ ಆರಿಸುತ್ತಿದ್ದಳು. ಮೂಲೆಯ ತೊಟ್ಟಿಯಲ್ಲಿ ತೆಂಗಿನ ನಾರು ನೆನೆಹಾಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗೆ ಬಂದು ಕಾರಿನಲ್ಲಿ ಕೂತುಬಿಟ್ಟೆ. ನಮ್ಮ ಮೇಸ್ತ್ರಿಯ ಕೈಯಿಂದ ಬರುತ್ತಿದ್ದ ವಾಸನೆ ಅದು...

ಎಪ್ಪತ್ತರ ದಶಕದ ಕೊನೆ. ಆಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರ್ ನಾನು. ಓದಿದ ಜಂಬ ತಲೆಗೇರಿತ್ತು. ಲಕ್ಕೂರಿನ ಕಡೆಯ ರಸ್ತೆಗೆ ಒಂದು ಮೋರಿ ಕಟ್ಟಿಸುತ್ತಿದ್ದೆ. ಮೇಸ್ತ್ರಿ ಶ್ರೀನಿವಾಸಪುರದವರು, ನನ್ನ ತಂದೆಯ ವಯಸ್ಸು. ಮೇಲಿನ ಕಾಂಕ್ರೀಟ್ ಚಪ್ಪಡಿಯನ್ನು ಅರ್ಧರ್ಧವಾಗಿ ಎರಡು ದಿನ ಹಾಕಬೇಕಿತ್ತು. ಮೊದಲ ದಿನ ನಾನು ಕೋಲಾರಕ್ಕೆ ಹೋಗಿದ್ದೆ. ಮರುದಿನ ಬಂದು ನೋಡಿದರೆ, ಈ ಮಹಾನುಭಾವರು ನೆನೆಸಿದ ನಾರನ್ನು ಬೆರಳುದ್ದ ಕತ್ತರಿಸಿ ಕಾಂಕ್ರೀಟಿಗೆ ಕಲಸುತ್ತಿದ್ದಾರೆ. ಹಿಂದಿನ ದಿನದ ಅರ್ಧಕ್ಕೂ ಹಾಕಿಯಾಗಿತ್ತು.

"ಇದೇನು ಮಣ್ಣಿನ ಗೋಡೆನಾ ಮೇಸ್ತ್ರಿ, ಹುಲ್ಲು ಸೇರಿಸಿ ತುಳಿಯೋಕೆ?" ಎಂದು ಆಳುಗಳ ಮುಂದೆಯೇ ರೇಗಿದೆ.

"ನಿಂತಿರೋ ಭಾರ ಏನೂ ಮಾಡಲ್ಲ ಸಾರ್. ದಿನಾ ಹೋಗೋದು ಬರೋದು ಐತಲ್ಲ, ಅದು ಸುಸ್ತು ಮಾಡ್ತದೆ. ಬಿರುಕು ಬಿಟ್ರೂ ನಾರು ಹಿಡ್ಕೊಂತದೆ."

ನಾನು ಕೇಳಲಿಲ್ಲ. ಎರಡನೆಯ ಅರ್ಧ ನಾರಿಲ್ಲದೆ ಆಯಿತು. ಚಪ್ಪಡಿ ಪೂರ್ತಿ ಗಟ್ಟಿಯಾದ ಮೇಲೆ ಇಡೀ ದಿನ ಮರಳಿನ ಮೂಟೆ ಹೇರಿ ಪರೀಕ್ಷಿಸಿದೆವು. ಎರಡೂ ಜಪ್ಪಯ್ಯ ಅನ್ನಲಿಲ್ಲ. ನಾನು ಮೇಸ್ತ್ರಿಯ ಮುಖ ನೋಡಿ ನಕ್ಕೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವರ್ಷ ಜಲ್ಲಿ ಲಾರಿಗಳು ಓಡಾಡಿದವು. ನಾರಿಲ್ಲದ ಅರ್ಧದ ಅಡಿಯಲ್ಲಿ ಬಿರುಕು ಕಾಣಿಸಿತು. ಮೇಸ್ತ್ರಿ ಪ್ರತಿ ಸೋಮವಾರ ಮೋರಿಯೊಳಗೆ ತೂರಿ, ಬಿರುಕು ಮುಗಿಯುವಲ್ಲಿ ಸುಣ್ಣದ ಅಡ್ಡಗೆರೆ ಎಳೆದು ಬರುತ್ತಿದ್ದರು. ಮುಂದಿನ ಸೋಮವಾರಕ್ಕೆ ಬಿರುಕು ಆ ಗೆರೆ ದಾಟಿರುತ್ತಿತ್ತು. ಮೂರು ಸಲ ನನ್ನ ಮನೆ ಬಾಗಿಲಿಗೆ ಬಂದರು.

"ಗೆರೆ ದಾಟ್ತಾ ಐತೆ ಸಾರ್. ಲಾರಿ ನಿಲ್ಲಿಸ್ಬಿಡಿ."

ಮೇಲಕ್ಕೆ ಬರೆದರೆ ತಪಾಸಣೆ ಬರುತ್ತದೆ, ಇನ್ನೊಂದು ಅರ್ಧದಲ್ಲಿ ಮಂಜೂರಾತಿಯಿಲ್ಲದೆ ಸೇರಿದ ನಾರು ಸಿಗುತ್ತದೆ, ನನ್ನ ಕೆಲಸ ಹೋಗುತ್ತದೆ... ನನಗೆ ಕಂಡದ್ದು ಅಷ್ಟೇ. "ಮುಂದಿನ ವಾರ ನೋಡೋಣ" ಎಂದೆ, ಮೂರು ಸಲವೂ.

ಒಂದು ಸೋಮವಾರ ಬೆಳಿಗ್ಗೆ ಜಲ್ಲಿ ಲಾರಿ ಹತ್ತಿದಾಗ ಆ ಅರ್ಧ ಕುಸಿಯಿತು. ಚಾಲಕ ಬದುಕಿದ. ಕೆಳಗಿದ್ದ ಮೇಸ್ತ್ರಿ ಉಳಿಯಲಿಲ್ಲ. ಅವರನ್ನು ಹೊರಗೆ ತೆಗೆದಾಗ ಬೆರಳಿನ ಸುಣ್ಣ ಇನ್ನೂ ಹಸಿಯಾಗಿತ್ತು. ವರದಿ ಬರೆದವನು ನಾನೇ: ಲಾರಿಯ ಅತಿಭಾರದಿಂದ ಕುಸಿತ; ಮೋರಿಯಡಿ ನೆರಳಿಗೆ ಕೂತಿದ್ದ ದಾರಿಹೋಕನೊಬ್ಬನ ಸಾವು. ಕೆಲಸ ಉಳಿಯಿತು.

ಮೊನ್ನೆ ಮನೆಗೆ ಮರಳುವಾಗ ಆ ಮೋರಿಯ ಹತ್ತಿರ ಕಾರು ನಿಲ್ಲಿಸಿ ಇಳಿದೆ. ಬಿದ್ದ ಅರ್ಧವನ್ನು ಆಮೇಲೆ ಹೊಸದಾಗಿ ಹಾಕಿದ್ದಾರೆ. ಮೇಸ್ತ್ರಿಯ ಅರ್ಧ ಹಾಗೇ ಇದೆ, ಇವತ್ತಿಗೂ ಅದರ ಮೇಲೆ ಲಾರಿಗಳು ಹೋಗುತ್ತವೆ. ಬಗ್ಗಿ ಅದರ ಅಡಿ ಸವರಿದೆ. ಸಣ್ಣ ಕೂದಲಿನಷ್ಟು ನಾರು ಬೆರಳಿಗೆ ತಾಗಿತು. "ಏನಾಯ್ತ್ರೀ?" ಎಂದು ಹೆಂಡತಿ ಕೂಗಿದಳು. ಅವಳಿಗೂ ನಾನು ಎಂದೂ ಹೇಳಿಲ್ಲ.

ಇವತ್ತು ಬರೆದಿಡುತ್ತಿದ್ದೇನೆ. ಮೇಸ್ತ್ರಿ ಅಲ್ಲಿ ನೆರಳಿಗೆ ಕೂತಿರಲಿಲ್ಲ.