ಏಕನಾಥ ಮಾಸ್ತರರ ತಗ್ಗು ಕುರ್ಚಿ

ಕಲಘಟಗಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಏಕನಾಥ ಮಾಸ್ತರರ ಮನೆಗೆ ಹೊಸದಾಗಿ ಹೋದವರು ಪಡಸಾಲೆಯಲ್ಲಿ ಒಂದು ಗಳಿಗೆ ನಿಂತೇ ಬಿಡುತ್ತಿದ್ದರು. ಗೋಡೆಗೆ ಹೊಂದಿಸಿ ಅವರ ತಂದೆಯ ಕಾಲದ ಎತ್ತರದ ಬಾಕು, ಅಂದರೆ ಕಟ್ಟಿಗೆಯ ಉದ್ದನೆಯ ಬೆಂಚು, ಇತ್ತು. ಅದರ ಎದುರಿಗೆ ಎರಡು ಕುರ್ಚಿ. ಅಂಥ ಕುರ್ಚಿ ಊರಿನಲ್ಲಿ ಇನ್ನಾರ ಮನೆಯಲ್ಲೂ ಇರಲಿಲ್ಲ. ಮೊಣಕಾಲಿಗಿಂತ ಕೆಳಗಿನ ಆಸನ, ಹಿಂದಕ್ಕೆ ವಾಲಿದ ಬೆನ್ನು. ಕಾಲುಗಳು ಮೇಲೆ ದಪ್ಪವಿದ್ದು ಬರಬರುತ್ತ ಸಣ್ಣಗಾಗಿ, ಆಗಷ್ಟೇ ಎದ್ದು ನಿಂತ ಕರುವಿನ ಕಾಲಿನಂತೆ ಹೊರಗೆ ಚಾಚಿದ್ದವು. ಸಿಂಹದ ಮುಖವಿಲ್ಲ, ಹೂಬಳ್ಳಿಯ ಕೆತ್ತನೆಯಿಲ್ಲ. ಸಾಗವಾನಿಯ ಬರೀ ಕಟ್ಟಿಗೆ, ಬೆತ್ತದ ಹೆಣಿಗೆ, ಅಷ್ಟೇ.

ಕಲಘಟಗಿಯವರಿಗೆ ಕಟ್ಟಿಗೆಯೆಂದರೆ ಬಣ್ಣ. ಆ ಊರಿನ ತೊಟ್ಟಿಲಿನ ಕೆಂಪು, ಹಳದಿ, ಹಸಿರು ನೋಡುತ್ತ ಬೆಳೆದವರು ಅವರು. ಹೀಗಾಗಿ ಮಾಸ್ತರರನ್ನು ಕೇಳುತ್ತಿದ್ದರು.

"ಬಣ್ಣ ಯಾವಾಗ ಹಚ್ಚತೀರಿ ಮಾಸ್ತರ?"

"ಹಚ್ಚೂದಿಲ್ಲರಿ. ಮುಗದದ."

"ಕಾಲರೆ ಇನ್ನೊಂದೀಟು ಬೆಳೀತಾವೋ ಇಲ್ಲೊ?"

ಮಾಸ್ತರರಿಗೆ ಸಿಟ್ಟು ಬರುತ್ತಿರಲಿಲ್ಲ. ಕೇಳಿದವರನ್ನು ಹಿಡಿದು ಕೂಡಿಸಿ, ಹಿಂದಕ್ಕೆ ಒರಗಿಸಿ, ತಾವು ಎದುರಿಗೆ ನೆಲದ ಮೇಲೆ ಕುಳಿತು ಹೇಳಲು ಸುರು ಮಾಡುತ್ತಿದ್ದರು.

ಹರೆಯದಲ್ಲಿ ಅವರು ಮುಂಬಯಿಗೆ ಹೋಗಿದ್ದರು. ಅಲ್ಲಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ನಕಾಶೆ ತೆಗೆಯುವ ಕೆಲಸ. ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು. ಹೊಸ ಆಫೀಸು, ಹೊಸ ಮನೆಗಳು ಏಳುತ್ತಿದ್ದವು. ನಾಲ್ಕು ಆಳು ಹಿಡಿದರೂ ಎತ್ತಲಾಗದ ಇಂಗ್ಲಿಷರ ಕಾಲದ ಕುರ್ಚಿಗಳು ಹೊರಬೀಳುತ್ತಿದ್ದವು. ಅಂಗಡಿಯ ಮಾಲಕರು ಪರದೇಶದ ಪುಸ್ತಕ ತರಿಸಿ ಚಿತ್ರ ತೋರಿಸಿ, "ಇದರಾಗ ಏನೂ ಇಲ್ಲ ನೋಡು ಏಕನಾಥ, ಆದ್ರ ಏನೂ ಕಡಿಮಿನೂ ಇಲ್ಲ" ಎಂದಿದ್ದರಂತೆ. ಆ ಮಾತು ಅವರ ಮನಸ್ಸಿನಲ್ಲಿ ಮಂತ್ರದ ಹಾಗೆ ಕೂತಿತು. ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ಮಾಸ್ತರಿಕೆ ಹಿಡಿದರು, ಲೀಲಾಬಾಯಿಯನ್ನು ಮದುವೆಯಾದರು, ಮಂದಾಕಿನಿ ಎಂಬ ಒಬ್ಬಳೇ ಮಗಳಾದಳು. ಅಂಥದೊಂದು ಕುರ್ಚಿ ತಾವೇ ಮಾಡಿಸಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು.

ಅದನ್ನು ಮಾಡಿಕೊಟ್ಟವನು ಬಸ್‌ಸ್ಟ್ಯಾಂಡಿನ ಹಿಂದೆ ಇದ್ದ ಬಡಿಗ ಬಾಷಾಸಾಬ. ಮಾಸ್ತರರ ನಕಾಶೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕುಂತವರು ನಿದ್ದಿ ಹೋಗೂ ಕುರ್ಚಿ ಐತ್ರಿ. ಮಾತಾಡೂ ಕುರ್ಚಿ ಅಲ್ಲ" ಎಂದ. ಆದರೂ ಕೆಲಸ ಹಿಡಿದ. ಶಾಲೆ ಬಿಟ್ಟೊಡನೆ ಮಾಸ್ತರರು ಅವನ ಅಂಗಳಕ್ಕೆ ಹೋಗುತ್ತಿದ್ದರು. ಕುರ್ಚಿಯ ಕೈಯೊಂದನ್ನು ಕೆತ್ತುವುದರಲ್ಲಿಯೇ ಒಂದು ಮಳೆಗಾಲ ಹೋಯಿತು. ತೋಳು ಇಟ್ಟರೆ ಇಟ್ಟದ್ದು ಗೊತ್ತಾಗಬಾರದು, ಅಷ್ಟು ನುಣುಪು ಬೇಕಿತ್ತು ಮಾಸ್ತರರಿಗೆ.

ಬೆತ್ತದ ಕೆಲಸ ಬಾಷಾಸಾಬನ ಹೆಂಡತಿ ಫಾತಿಮಾಬಿಯದು. ತಂದೆಯ ಜೋಡಿ ಹೋಗುತ್ತಿದ್ದ ಮಂದಾಕಿನಿ ಆಗ ಹದಿನಾಲ್ಕರ ಹುಡುಗಿ. ಫಾತಿಮಾಬಿಯ ಬಾಜು ಕೂತು ನೀರಲ್ಲಿ ನೆನೆದ ಬೆತ್ತ ತೆಗೆದುಕೊಡುತ್ತ, ಕೊಡುತ್ತ, ತಾನೇ ಹೆಣೆಯಲು ಕಲಿತಳು. ಲೀಲಾಬಾಯಿ ಮಡಿಯ ಹೆಂಗಸು. ಮಗಳು ಬಂದರೆ ಬಚ್ಚಲಿಗೆ ಕಳಿಸಿ, ಕೈಕಾಲು ತೊಳೆಸಿಯೇ ಒಳಗೆ ಬಿಡುತ್ತಿದ್ದಳು. ಬೆರಳಿನ ಗಾಯಕ್ಕೆ ಅರಿಷಿಣ ಹಚ್ಚುತ್ತ ಗೊಣಗುತ್ತಿದ್ದಳು. ಆದರೆ ಹೋಗಬೇಡವೆಂದು ಎಂದೂ ಅನ್ನಲಿಲ್ಲ. ಎರಡನೆಯ ಕುರ್ಚಿಯ ಹೆಣಿಗೆ ಪೂರ್ತಿ ಮಂದಾಕಿನಿಯದು. ಫಾತಿಮಾಬಿ ಅದರ ಮೇಲೆ ಅಂಗೈ ಆಡಿಸಿ, "ನಂದಕ್ಕಿಂತ ಬಿಗಿ ಐತಿ ನೋಡು ಬೇಟಿ" ಎಂದಿದ್ದಳು. ಕೂತರೆ ಎರಡರಲ್ಲಿ ಅದೇ ಹಾಯೆನಿಸುತ್ತಿತ್ತು. ಮಾಸ್ತರರು ಗೌರವದ ಮಂದಿಯನ್ನು ಅದರಲ್ಲೇ ಕೂಡಿಸುತ್ತಿದ್ದರು.

ಎಪ್ಪತ್ನಾಲ್ಕನೆಯ ಇಸವಿಯ ಮಾಘದಲ್ಲಿ ಮಂದಾಕಿನಿಗೆ ಒಂದು ಸ್ಥಳ ಬಂತು. ತಂದವರು ಹತ್ತಿರದ ಹಳ್ಳಿ ತಂಬೂರದಲ್ಲಿದ್ದ ಲೀಲಾಬಾಯಿಯ ಅಕ್ಕ ಸೀತಾಬಾಯಿ. ಹುಡುಗ ಪ್ರಭಂಜನ, ಹುಬ್ಬಳ್ಳಿಯಲ್ಲಿ ನೌಕರಿ. ತಂದೆ ಇರಲಿಲ್ಲ, ಕುಂದಗೋಳ ಕಡೆಯ ಕುಬಿಹಾಳದ ಕಾಕಾ ಬಾಳಕೃಷ್ಣರಾಯರೇ ಬೆಳೆಸಿದವರು. ಅವರು ಹೂಂ ಅಂದರೆ ಹೂಂ. ಜಾತಕ ಕೂಡಿ ಬಂದಿತ್ತು, ನೋಡುವುದೊಂದು ಬಾಕಿ.

ಹಿಂದಿನ ದಿನ ಲೀಲಾಬಾಯಿ ಗಂಡನಿಗೆ ಹೇಳಿದಳು. "ಜಮಖಾನಿ ಹಾಸೂಣು. ಎಲ್ಲಾರೂ ಕೆಳಗ ಕೂಡ್ಲಿ."

"ಕುರ್ಚಿ ಇದ್ದು ನೆಲಕ್ಕ ಯಾಕ ಕೂಡಸಬೇಕು?"

"ಆತು, ನಿಮ್ಮ ಮನಸಿಗೆ ಬಂದಂಗ ಮಾಡ್ರಿ. ಆದ್ರ ಇದೊಂದು ಕೇಳ್ರಿ. ಹುಡುಗಿ ಬಗ್ಗೆ ನಾಲ್ಕು ಮಾತು ನೀವ ಹೇಳಬೇಕು. ತಾಯಿ ಹೇಳಿದ್ರ ಜಂಬ ಅಂತಾರ. ಅಕಿ ಅಂತೂ ಬಾಯಿ ತೆಗಿಯೂಹಂಗಿಲ್ಲ."

"ಹೇಳತೇನಲ್ಲ. ನಾ ಹೇಳದ ಇನ್ನ್ಯಾರು ಹೇಳವರು?"

ನೋಡುವ ದಿನ ತಂದೆ ತನ್ನ ಮಗಳ ಗುಣ ಹೇಳಬೇಕು, ಬಂದವರು ಕೇಳಿಸಿಕೊಳ್ಳಬೇಕು, ಹುಡುಗಿ ತಲೆ ತಗ್ಗಿಸಿ ನಿಂತಿರಬೇಕು. ಅದು ಅವರ ಮನೆತನಗಳ ರೂಢಿ. ಆ ನಾಲ್ಕು ಮಾತಿನ ಮೇಲೆಯೇ ಎಷ್ಟೋ ಮದುವೆ ನಿಂತಿರುತ್ತಿದ್ದವು.

ಬಂದವರು ಮೂವರು. ಜರಿ ರುಮಾಲು ಸುತ್ತಿದ ಭಾರೀ ಆಳು ಬಾಳಕೃಷ್ಣರಾಯರು, ಪ್ರಭಂಜನ, ಮತ್ತೆ ಬಾಡಿಗೆ ಜೀಪಿನ ಡ್ರೈವರ್ ಹಜರತಅಲಿ. ಪ್ರಭಂಜನ ಬಾಕಿನ ಮೇಲೆ ಕೂತು ಸರಿದು ಡ್ರೈವರನಿಗೂ ಜಾಗ ಮಾಡಿಕೊಟ್ಟ. ಬಾಗಿಲ ಸಂದಿಯಿಂದ ಅದನ್ನು ಕಂಡ ಮಂದಾಕಿನಿ ದೊಡ್ಡಮ್ಮನ ಕಡೆ ತಿರುಗಿ, "ಆಗಬಹುದು" ಎಂದಳು. ಸೀತಾಬಾಯಿಗೆ ನಗು ತಡೆಯಲಿಲ್ಲ. "ಇನ್ನೂ ಮಾರಿ ನೋಡಿಲ್ಲ ಹುಚ್ಚಿ, ಆಗಲೇ ಆಗಬಹುದು ಅಂತಾಳ."

ರಾಯರನ್ನು ಮಾಸ್ತರರು ಕೈ ಹಿಡಿದು ಎರಡನೆಯ ಕುರ್ಚಿಗೆ ಕರೆದೊಯ್ದರು. ರಾಯರು ಕೂತರು ಎನ್ನುವುದಕ್ಕಿಂತ ಇಳಿದರು ಎನ್ನಬೇಕು. ಮೊಣಕಾಲು ಎದೆಯ ಮಟ್ಟಕ್ಕೆ ಬಂದವು. ಎದುರಿನ ಬಾಕಿನ ಮೇಲಿದ್ದ ಡ್ರೈವರನಿಗೆ ಅವರ ರುಮಾಲಿನ ನೆತ್ತಿ ಕಾಣುತ್ತಿತ್ತು.

"ಹಿಂಗಲ್ಲರಿ ರಾಯರ, ಹಿಂದಕ್ಕ ಒರಗ್ರಿ. ಇನ್ನೂ ಹಿಂದಕ್ಕ. ಮೈ ಬಿಟ್ಟುಬಿಡ್ರಿ."

"ಬಿಟ್ಟರ ಮತ್ತ ಏಳೂದು ಹೆಂಗರಿ?"

"ಏಳಬೇಕು ಅನಸೂದಿಲ್ಲ, ಅದ ಇದರ ಗುಣ." ಮಾಸ್ತರರು ಆಗಲೇ ನೆಲದ ಮೇಲೆ ಕೂತಿದ್ದರು. ಈ ಕಾಲು ಯಾಕೆ ಹೀಗೆ ಓರೆ, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಒಂದೂ ಮೊಳೆಯಿಲ್ಲದೆ ಹೇಗೆ ಕೂಡಿದೆ, ಮುಂಬಯಿಯಲ್ಲಿ ತಾವು ಏನೇನು ಕಂಡಿದ್ದು. ಮಾತು ಕಟ್ಟೆಯೊಡೆದ ಕೆರೆಯಾಯಿತು. ರಾಯರು ಹೂಂ, ಹೂಂ ಎನ್ನುತ್ತಿದ್ದರು.

ಮಂದಾಕಿನಿ ಟ್ರೇ ಹಿಡಿದು ಬಂದು ನಿಂತಳು. ರಾಯರು ಕತ್ತೆತ್ತಿ ನೋಡಿದರು. "ಇಕಿನ ಏನ್ರಿ ನಿಮ್ಮ ಮಗಳು?"

"ಹೌದ್ರಿ, ಇಕಿನ. ಚಹಾ ಅವರ ಕೈಯಾಗ ಕೊಡಬ್ಯಾಡ ಮಂದಾ, ಕುರ್ಚಿ ಕೈ ಮ್ಯಾಲ ಇಡು. ನೋಡ್ರಿ ರಾಯರ, ಕಪ್ಪು ಇಡಲಿಕ್ಕಂತನ ಇದನ್ನ ಇಷ್ಟು ಅಗಲ ಮಾಡಿಸೇನಿ. ಅಳ್ಳಾಡತದೇನು?"

ಅಳ್ಳಾಡಲಿಲ್ಲ. ಮಾತು ಕುರ್ಚಿಯ ಕೈಯಿಂದ ಬೆತ್ತದ ಬಿಗಿಗೆ ಹೊರಳಿತು. ಅಡಿಗೆಮನೆಯ ಬಾಗಿಲಲ್ಲಿ ಲೀಲಾಬಾಯಿ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಮಾಸ್ತರರಿಗೆ ಕೇಳಿಸಲಿಲ್ಲ. ಮಂದಾಕಿನಿ ಟ್ರೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು. ಕೊನೆಗೆ ರಾಯರು ಡ್ರೈವರನ ಕೈ ಹಿಡಿದು ಎದ್ದರು. ರುಮಾಲು ಸರಿ ಮಾಡಿಕೊಂಡು, "ಹೋಗಿ ತಿಳಸತೇವಿ" ಎಂದು ಹೊರಟರು.

ತಿಳಿಸಿದ್ದು ಹೋಳಿಹುಣ್ಣಿವೆಯ ಸುಮಾರಿಗೆ, ಸೀತಾಬಾಯಿಯ ಕಡೆಯಿಂದ. ಜಾತಕ ಕೂಡಿ ಬರುವುದಿಲ್ಲವಂತೆ.

"ಮದಲ ಬಂದಿತ್ತಲ್ಲ?" ಎಂದರು ಮಾಸ್ತರರು.

ಸೀತಾಬಾಯಿ ಬಿಚ್ಚಿಯೇ ಹೇಳಿದಳು. "ಬೀಗರ ಹಿರೇ ಮನಷ್ಯಾನ್ನ ಡ್ರೈವರನ ಕಾಲಬುಡಕ ಕೂಡಿಸಿ ಜಾತಕ ಕೇಳತೀರೇನು? ನೆಲಕ್ಕ ಕೂಡಿಸಿದ್ರ ಎಲ್ಲಾರೂ ನೆಲಕ್ಕ ಇರತಿದ್ರು, ಯಾರಿಗೂ ಏನೂ ಅನಸತಿದ್ದಿಲ್ಲ."

ಮಾತು ಊರಲ್ಲಿ ಹಬ್ಬಿತು. ಲೀಲಾಬಾಯಿ ಬೈಯಲಿಲ್ಲ. ಗುರುವಾರ ಮಠಕ್ಕೆ ಹೋಗಿ ಬರುವಾಗ ಗಂಡನಿಗೆಂದು ತರುತ್ತಿದ್ದ ಮಂತ್ರಾಕ್ಷತೆ ಎಂದಿನಂತೆ ತಂದುಕೊಟ್ಟಳು. ಮಾತು ಮಾತ್ರ ಕಡಿಮೆ ಮಾಡಿದಳು. ಮಂದಾಕಿನಿ ಮೊದಲಿನಂತೆಯೇ ಇದ್ದಳು. ಬಾಗಿಲಲ್ಲಿ ಅಂಚೆಯವನ ಸಪ್ಪಳವಾದಾಗ ಕೈಯಲ್ಲಿದ್ದ ಕೆಲಸ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೇ. ಅದನ್ನು ನೋಡಿ ನೋಡಿ ಮಾಸ್ತರರಿಗೆ ತಡೆಯದಾಯಿತು. ಯುಗಾದಿ ಕಳೆದ ಮೇಲೆ ಒಂದು ರವಿವಾರ, "ಕುಬಿಹಾಳಕ್ಕ ಹೋಗಿ ತಪ್ಪು ಒಪ್ಪಿಕೊಂಡು ಬರತೇನಿ" ಎಂದು ಎದ್ದರು. ಮಂದಾಕಿನಿ ಚಪಾತಿ ಕಟ್ಟಿಕೊಟ್ಟಳು. "ಹೋಗಿ ಬಾ ಅಪ್ಪಾ" ಎಂದು ಕಟ್ಟೆಯ ತನಕ ಬಂದಳು. ಎಂದೂ ಬರುತ್ತಿದ್ದವಳಲ್ಲ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಕುಂದಗೋಳ ದಾಟಿ, ಬಿರುಕು ಬಿಟ್ಟ ಎರೆಹೊಲದ ದಾರಿಯಲ್ಲಿ ನಡೆದು ಅವರು ಕುಬಿಹಾಳ ಮುಟ್ಟಿದಾಗ ಮಧ್ಯಾಹ್ನ. ರಾಯರು ಜಮಖಾನೆಯ ಮೇಲೆ ಲೋಡಿಗೆ ಒರಗಿದ್ದರು. ಮಾಸ್ತರರು ಹೊಸ್ತಿಲ ಹತ್ತಿರವೇ ಕೂರಲು ಹೋದರೆ ಕೈ ಹಿಡಿದು ತಮ್ಮ ಬಾಜು ಎಳೆದುಕೊಂಡರು. ನೀರು, ಬೆಲ್ಲ ಬಂತು.

"ನಿಮ್ಮನ್ನ ತಗ್ಗಿನಾಗ ಕೂಡಿಸಿ ನಾ ತಪ್ಪು ಮಾಡಿದೆ ರಾಯರ," ಎಂದರು ಮಾಸ್ತರರು. "ದೊಡ್ಡವರು ಹೊಟ್ಟ್ಯಾಗ ಹಾಕ್ಕೋಬೇಕು. ಮುದ್ದಾಂ ಬೇಕಂತ ಮಾಡಿದ್ದಲ್ಲ."

ರಾಯರು ನಕ್ಕರು. "ಏ, ಅದೇನು ಬಿಡ್ರಿ. ನಮ್ಮ ಮಂದಿಗೆ ಅನಸಿರಬೇಕು ಹಂಗ. ಖರೇ ಹೇಳ್ಲೇನು? ಕುರ್ಚಿ ಭಾಳ ಛಲೋ ಅದ. ಏಳೂಮುಂದ ತ್ರಾಸ ಆತು, ಕುಂತಾಗ ಅಲ್ಲ. ದಿನಾ ನೋಯೂ ನನ್ನ ನಡ ಒಂದು ತಾಸು ಸುಮ್ಮನ ಇತ್ತು ಅವತ್ತ."

"ಹಂಗಾದ್ರ..."

"ನಾ ಆ ಒಂದು ತಾಸು ದಾರಿ ನೋಡಿದೆ ಮಾಸ್ತರ. ಕಾಲಿನ ಸುದ್ದಿ ಹೇಳಿದ್ರಿ, ಕೈಯಿನ ಸುದ್ದಿ ಹೇಳಿದ್ರಿ. ಮಗಳು ಬಂದು ಎದುರಿಗೆ ನಿಂತ್ಲು. ಅಕಿ ಸುದ್ದಿ ಒಂದು ಮಾತು ಹೇಳಲಿಲ್ಲ. ಅಕಿಗೆ ಕಪ್ಪು ಎಲ್ಲಿಡಬೇಕು ಅಂತ ಹೇಳಿದ್ರಿ. ನಾ ಜೀಪಿನಾಗ ಬರೂಮುಂದ ವಿಚಾರ ಮಾಡಿದೆ. ಹಡದ ಅಪ್ಪಗ ಮಗಳ ಬಗ್ಗೆ ಹೇಳಲಿಕ್ಕೆ ಏನೂ ಇಲ್ಲಂದ್ರ, ಒಂದೋ ಏನೋ ಮುಚ್ಚತಾನ, ಇಲ್ಲಾ ಅಕಿ ಮ್ಯಾಲ ಮಾಯಾ ಮಮತಾ ಇಲ್ಲ. ಎರಡರಾಗ ಯಾವದಿದ್ರೂ ನಮ್ಮ ಹುಡುಗಗ ಬ್ಯಾಡ ಅನಿಸ್ತು. ಜಾತಕ ಅಂತ ಹೇಳಿ ಕಳಿಸಿದೆ."

ಮಾಸ್ತರರ ಕೈಯಲ್ಲಿಯ ಬೆಲ್ಲ ಹಾಗೇ ಉಳಿಯಿತು. ಅವರು ಹೇಳಿದ್ದು ಇಷ್ಟು: "ನೀವು ಕುಂತಿದ್ದಿರಲ್ಲ ರಾಯರ, ಆ ಬೆತ್ತ ಅಕಿನ ಹೆಣದದ್ದು. ಸಣ್ಣಾಕಿ ಇದ್ದಾಗ. ಬೆರಳೆಲ್ಲಾ ಹರಕೊಂಡು."

ರಾಯರು ಅವರ ಮುಖ ನೋಡಿದರು. ನಗೆ ಹೋಗಿತ್ತು. "ಅವತ್ತ ಹೇಳಬೇಕಿತ್ತರಿ," ಎಂದರು ಮೆತ್ತಗೆ. "ಹೋದ ವಾರ ಪ್ರಭಂಜನಗ ಅಣ್ಣಿಗೇರಿ ಕಡೆ ಗೊತ್ತು ಮಾಡಿದ್ವಿ. ಮಾತು ಕೊಟ್ಟಾಗೇದ."

ಊಟ ಮಾಡಿಸಿಯೇ ಕಳಿಸಿದರು. ದಾರಿಯುದ್ದ ಮಾಸ್ತರರಿಗೆ ಮಗಳ ಬಗ್ಗೆ ಹೇಳಬಹುದಾಗಿದ್ದ ಮಾತು ಒಂದರ ಹಿಂದೊಂದು ನೆನಪಿಗೆ ಬಂದವು. ಜ್ವರ ಬಂದ ತಾಯಿಯ ಹಾಸಿಗೆ ಬಿಟ್ಟು ಏಳದಿದ್ದದ್ದು, ಫಾತಿಮಾಬಿಯ ಮಗುವಿಗೆ ಅಂಗಿ ಹೊಲಿದುಕೊಟ್ಟದ್ದು, ಯಾರ ಮೇಲೂ ದನಿ ಏರಿಸದ ಅವಳ ಸ್ವಭಾವ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಕುರ್ಚಿಯ ಒಂದೊಂದು ಅಂಗಕ್ಕೂ ಹೆಸರು ಗೊತ್ತಿದ್ದ ಮನುಷ್ಯನಿಗೆ ಇವು ಆ ಹೊತ್ತಿಗೆ ಬಾಯಿಗೆ ಬರದೆ ಹೋದದ್ದು ಯಾವ ಕರ್ಮವೋ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಲೀಲಾಬಾಯಿ ದೇವರ ಮುಂದಿದ್ದಳು. ಮಂದಾಕಿನಿ ಕಾಲಿಗೆ ನೀರು ಕೊಟ್ಟಳು.

"ಏನಂದ್ರಪ್ಪಾ?"

"ಅವರಿಗೆ ಬ್ಯಾರೆ ಕಡೆ ಗೊತ್ತಾಗೇದಂತ." ಅಷ್ಟಕ್ಕೇ ಬಿಡಬಹುದಿತ್ತು. ಬಿಡಲು ಆಗಲಿಲ್ಲ. "ಕುರ್ಚಿ ತಗ್ಗಾತು ಅಂತ ಅಲ್ಲವ್ವಾ. ನಾ ನಿನ್ನ ಬಗ್ಗೆ ಒಂದು ಮಾತೂ ಹೇಳಲಿಲ್ಲಂತ."

ಮಂದಾಕಿನಿ ತಂಬಿಗೆ ಕೆಳಗಿಟ್ಟಳು.

"ಟ್ರೇ ಹಿಡಕೊಂಡು ನಿಂತಿದ್ನಲ್ಲಪ್ಪಾ," ಎಂದಳು. "ಈಗ ಹೇಳತೀ, ಈಗ ಹೇಳತೀ ಅಂತ ನಿಂತಿದ್ದೆ. ಬೆತ್ತದ ಸುದ್ದಿ ಬಂದಾಗಂತೂ ಖರೇನ ಹೇಳತೀ ಅಂದ್ಕೊಂಡೆ. ಆಮ್ಯಾಲ ಕೈ ಸೋತ್ವು, ಒಳಗ ಹೋದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾಸ್ತರರಿಗೆ ಹಗುರಾಗುತ್ತಿತ್ತು.

ಮರುವರ್ಷ ನವಲಗುಂದದಿಂದ ಇನ್ನೊಂದು ಸ್ಥಳ ಬಂತು. ಲೀಲಾಬಾಯಿ ಜಮಖಾನೆ ಹಾಸಿದಳು. ಬಂದವರು ಕೂತು ಇನ್ನೂ ನೀರು ಕುಡಿದಿರಲಿಲ್ಲ, ಮಾಸ್ತರರು ಮಗಳ ಬಗ್ಗೆ ಹೇಳಲು ಸುರು ಮಾಡಿದರು. ಹೆಣಿಗೆ, ಹೊಲಿಗೆ, ತಾಯಿಯ ಆರೈಕೆ, ಎಲ್ಲ ಹೇಳಿದರು; ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಗಳ ಮೇಲೆ ಎಷ್ಟು ಜೀವ ಇದೆ ಇವರದು ಎಂದು ಮೆಚ್ಚಿಕೊಂಡರು. ಅಲ್ಲಿಯೇ ಮದುವೆ ನಿಶ್ಚಯವಾಯಿತು. ಒಳಬಾಗಿಲಲ್ಲಿ ನಿಂತಿದ್ದ ಮಂದಾಕಿನಿ ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಮೆಚ್ಚುವಂಥ ಮಾತೇ ಎಲ್ಲವೂ. ಅವು ಹೋದ ವರ್ಷ ಯಾವ ದಿನ ಹೇಳಬೇಕಿದ್ದ ಮಾತು ಎಂಬುದು ಆ ಮನೆಯಲ್ಲಿ ಮೂವರಿಗೆ ಗೊತ್ತಿತ್ತು.